ಒಣಗಿದ ವೀಳ್ಯ

"ಗುರುಗಳೇ, ತಪ್ಪು ಮಾಡಿದವನು ನನ್ನ ತಮ್ಮ. ಅವನಾಗಿಯೇ ಬಂದು ಮಾತಾಡಿಸಲಿ ಎಂದು ನಾನು ಕಾಯುವುದು ನ್ಯಾಯವಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದನು. ಅವನು ತಮ್ಮನ ಹೊಸ್ತಿಲು ತುಳಿದು ಮೂರು ವರ್ಷವಾಗಿತ್ತು.

"ನ್ಯಾಯವೇ" ಎಂದ ಗುರುಗಳು ಈ ಕತೆ ಹೇಳಿದರು.

ಒಬ್ಬ ಕುಂಬಾರ. ಅವನಿಗೊಬ್ಬ ತಮ್ಮ. ಒಂದೇ ಬೀದಿಯಲ್ಲಿ ಇಬ್ಬರದೂ ಬೇರೆ ಬೇರೆ ಮನೆ. ಆದರೆ ಮಡಕೆಗೆ ಮಣ್ಣು ತರುತ್ತಿದ್ದುದು ತಂದೆ ಬಿಟ್ಟುಹೋದ ಒಂದೇ ತುಂಡು ನೆಲದಿಂದ. ಆ ನೆಲ ತನ್ನದೆಂದು ಇಟ್ಟಿಗೆ ಸುಡುವವನೊಬ್ಬ ದಾವೆ ಹೂಡಿದನು. ಕೆಳಗಿನ ಕೋರ್ಟಿನಲ್ಲಿ ಅಣ್ಣತಮ್ಮಂದಿರು ಸೋತರು. ಮೇಲಿನ ಕೋರ್ಟಿನಲ್ಲಿ ಇದು ಗೆಲ್ಲುವ ಮೊಕದ್ದಮೆ ಎಂದು ವಕೀಲನು ಧೈರ್ಯ ಹೇಳಿದನು. ಮೇಲ್ಮನವಿಗೆ ಮೂವತ್ತು ದಿನದ ಗಡುವು. ಇಬ್ಬರೂ ಸಹಿ ಹಾಕಬೇಕು.

ಕೋರ್ಟಿನ ಮೆಟ್ಟಿಲಿಳಿಯುವಾಗ ತಮ್ಮನು, ಸಾಕ್ಷಿ ಹೇಳುವಾಗ ಅಣ್ಣ ತಡವರಿಸಿದ್ದಕ್ಕೇ ಸೋತೆವೆಂದು ನಾಲ್ಕು ಜನರ ಎದುರು ಅಂದುಬಿಟ್ಟನು. ಅಣ್ಣನು ಅಲ್ಲಿಂದಲೇ ತಿರುಗಿ ಒಬ್ಬನೇ ಮನೆಗೆ ಬಂದನು.

ಆ ಮನೆತನದಲ್ಲಿ ಒಂದು ರೂಢಿಯಿತ್ತು. ಯಾವ ಕಾಗದಕ್ಕಾದರೂ ಹಿರಿಯನ ಸಹಿ ಮೊದಲು. ಸಹಿಗೆ ಅವನನ್ನು ಕಿರಿಯನು ವೀಳ್ಯ ಕೊಟ್ಟು ಕರೆಯಬೇಕು. ಅಣ್ಣನು ಜಗಲಿಯಲ್ಲಿ ಕುಳಿತು ಕಾದನು. ಹತ್ತು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಅವನು ಮುಖ ಬಿಗಿದುಕೊಳ್ಳುತ್ತಿದ್ದನು. ಹೆಜ್ಜೆ ಮುಂದೆ ಹೋಗುತ್ತಿತ್ತು.

"ನಾಲ್ಕು ಮನೆ ದಾಟಿದರೆ ನಿಮ್ಮ ತಮ್ಮನ ಮನೆ" ಎಂದಳು ಹೆಂಡತಿ. "ನೀವೇ ಹೋದರೆ ಕಾಲು ಸವೆಯುತ್ತದೆಯೇ?"

"ಹಿರಿಯ ನಾನು. ಅವನು ಬರಲಿ."

"ನಿಮ್ಮ ಹಿರಿತನ ನೋಡಿ ಕೋರ್ಟಿನವರು ಇನ್ನೊಂದು ತಿಂಗಳು ಕೊಡುತ್ತಾರೇನು?"

ಮೂವತ್ತನೆಯ ದಿನ ಮಧ್ಯಾಹ್ನ ಅವನಿಗೆ ಕೂರಲಾಗಲಿಲ್ಲ. ಎದ್ದು ಹೋದನು. ತಮ್ಮನ ಮನೆಯ ಗೋಡೆಗೂಡಿನಲ್ಲಿ ತಟ್ಟೆಯೊಂದಿತ್ತು. ಅದರಲ್ಲಿದ್ದ ವೀಳ್ಯದೆಲೆ ಒಣಗಿ ಸುರುಟಿಕೊಂಡಿತ್ತು. ಮೊದಲ ವಾರವೇ ತಂದಿಟ್ಟಿದ್ದೆ ಎಂದನು ತಮ್ಮ. ಅಂಥ ಮಾತಾಡಿದ ಮೇಲೆ ಯಾವ ಮುಖ ಹೊತ್ತು ಬರಲಿ ಎಂದು ಅತ್ತನು.

ಇಬ್ಬರೂ ಪಟ್ಟಣಕ್ಕೆ ಓಡಿದರು. ವಕೀಲನ ಮನೆಯಲ್ಲಿ ಸಹಿ ಹಾಕಿ ಕೋರ್ಟು ಮುಟ್ಟುವಷ್ಟರಲ್ಲಿ ಗುಮಾಸ್ತನು ಬೀಗ ಹಾಕುತ್ತಿದ್ದನು.

ತಕ್ಕ ಕಾರಣವಿದ್ದರೆ ನ್ಯಾಯಾಧೀಶರು ತಡವನ್ನು ಮನ್ನಿಸಬಹುದಿತ್ತು. ಜ್ವರ ಬಂದಿತ್ತೆಂದು ಹೇಳು ಎಂದು ವಕೀಲನು ಕಲಿಸಿಕೊಟ್ಟನು. ಕುಂಬಾರನಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಈ ಸಲ ಅವನು ತಡವರಿಸಲೂ ಇಲ್ಲ.

"ತಮ್ಮ ಬಂದು ಕರೆಯಲಿ ಅಂತ ಕೂತಿದ್ದೆ, ಸ್ವಾಮಿ."

ನ್ಯಾಯಾಧೀಶರು ಮನವಿಯನ್ನು ತಳ್ಳಿಹಾಕಿ ಕಾಗದವನ್ನು ಪಕ್ಕಕ್ಕಿಟ್ಟರು.

ವರ್ಷ ತಿರುಗುವಷ್ಟರಲ್ಲಿ ಎರಡೂ ಮನೆಯ ಮಡಕೆ ಮಾಡುವ ತಿಗರಿಗಳು ನಿಂತವು. ತಂದೆಯ ನೆಲದ ಮಣ್ಣು ಇಟ್ಟಿಗೆಯಾಯಿತು. ಅಣ್ಣತಮ್ಮಂದಿರು ಆ ಇಟ್ಟಿಗೆಯನ್ನು ಕೂಲಿಗೆ ಹೊತ್ತರು. ಈಗ ಅವರ ನಡುವೆ ಮುನಿಸಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕುಂಬಾರನ ಮೇಲೆ ಸಿಟ್ಟು ಬಂದಿತ್ತು.

"ಎಂಥ ದಡ್ಡ! ಕೊನೆಯ ದಿನ ಯಾವುದೆಂದು ಗೊತ್ತಿದ್ದೂ ಕುಳಿತನಲ್ಲ" ಎಂದನು.

"ಹೌದು, ಅವನಿಗಾದರೂ ಗೊತ್ತಿತ್ತು" ಎಂದರು ಗುರುಗಳು.