ಸಾಹೇಬರಿಗೆ ಬಂದ ಮೇಲ್

ಬೀಜ ಪರೀಕ್ಷಾ ಕಚೇರಿಗೆ ಮೇಲಧಿಕಾರಿಗಳಿಂದ ಒಂದು ಈಮೇಲ್ ಬಂತು. ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿ. ಸಾಹೇಬ ಮುರಿಗೆಪ್ಪನವರು ಗುಮಾಸ್ತೆ ದಾಕ್ಷಾಯಣಿಯ ಮುಂದೆ ಕೆಲಸದಿಂದ ತೆಗೆಯುವ ನೋಟಿಸ್ ಇಟ್ಟರು.

“ಕಂಪ್ಯೂಟರ್ ಕೆಡಿಸೀರಿ. ಸಂಜೀಗೆ ಎಲ್ಲಾರ ಮುಂದ ಈ ಮೇಲ್ ಓದ್ರಿ. ಇಲ್ಲಾಂದ್ರ ಈ ನೋಟಿಸಿಗೆ ಸಹಿ ಹಾಕ್ತೀನಿ.”

ದಾಕ್ಷಾಯಣಿಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೇಲ್‌ನ ಭಾಗಗಳನ್ನು ಬೇರೆ ಮಾಡಿ, ಆ ಸಂಕೇತಗಳನ್ನು ಮತ್ತೆ ಅಕ್ಷರಕ್ಕೆ ತಿರುಗಿಸುವ ಪುಟ್ಟ ಪ್ರೋಗ್ರಾಂ ಬರೆದಳು. ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಕನ್ನಡ ಮೂಡಿತು. ಓದಿದ ಮೇಲೆ ಅವಳ ಹೆದರಿಕೆ ಇಮ್ಮಡಿಯಾಯಿತು.

ಸಂಜೆ ಎಲ್ಲರೂ ಸೇರಿದರು.

“ಸರ, ಇದರಾಗ ಎರಡು ಭಾಗ ಅದಾವ್ರಿ. ಮೊದಲನೇದು ಪತ್ರ,” ಎಂದು ಓದತೊಡಗಿದಳು. “‘ಶ್ರೀ ಮುರಿಗೆಪ್ಪನವರಿಗೆ. ಕಾಲು ಮುರಿದಿದೆಯೆಂದು ನೀವು ಕಳೆದ ತಿಂಗಳು ಪಡೆದ ರಜೆಯ ಬಗ್ಗೆ...’”

ಅಲ್ಲಿಗೇ ನಿಲ್ಲಿಸಿದಳು.

“ಎರಡನೇದು ಫೋಟೊರೀ. ಅದರ ಹೆಸರು ‘ಬೀಗರ ಮನೆಯ ಮದುವೆಯಲ್ಲಿ ಕುಣಿತ’ ಅಂತ ಐತಿ. ದೊಡ್ಡ ಪರದೆ ಮ್ಯಾಲ ಹಾಕ್ಲೇನ್ರಿ?”

ಸಾಹೇಬರ ಮುಖ ಬಿಳಿಚಿತು. “ಬ್ಯಾಡ. ಆ ಮೇಲ್ ಬರೋವಾಗನ ಕೆಟ್ಟೈತಿ. ಯಾರಿಗೂ ಓದಾಕ ಬರಂಗಿಲ್ಲ.”

“ಹಂಗಂತ ನೋಟಿಸ್ ಮ್ಯಾಲ ಬರೆದು ಕೊಡ್ರಿ ಸರ.”

‘ಗುಮಾಸ್ತೆಯ ತಪ್ಪಿಲ್ಲ’ ಎಂದು ಬರೆದು ಅವರು ಸಹಿ ಹಾಕಿದರು. ದಾಕ್ಷಾಯಣಿ ಆ ಕಾಗದವನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಬೆಳಗಿನಿಂದ ನೆಟ್ಟಗೆ ಓಡಾಡಿಕೊಂಡಿದ್ದ ಸಾಹೇಬರು ಗೋಡೆ ಹಿಡಿದು, ಕುಂಟುತ್ತ ಕುಂಟುತ್ತ ತಮ್ಮ ಕೋಣೆಗೆ ಹೋದರು.