ಕಡಲಾಚೆಗೆ ಹೊರಟ ಗಂಟೆ ಕಾರ್ಖಾನೆ

"ಆಳುಗಳನ್ನು ಬೇಕೆಂದಾಗ ಕರೆದು ಬೇಡವೆಂದಾಗ ಕಳಿಸುವ ಹಕ್ಕು ಕೊಡಿ, ಪ್ರಭು. ಇಲ್ಲದಿದ್ದರೆ ನನ್ನ ಗಂಟೆ ಕಾರ್ಖಾನೆಯನ್ನು ಹಡಗಿಗೆ ಹೇರಿಕೊಂಡು ಕಡಲಾಚೆಗೆ ಹೋಗುತ್ತೇನೆ. ಅಲ್ಲಿಯ ಆಳುಗಳು ಹೇಳಿದಂತೆ ಬಗ್ಗುತ್ತಾರೆ."

ತುಂಬಿದ ಸಭೆಯಲ್ಲಿ ಹೀಗೆಂದು ಮೀಸೆ ತಿರುವಿದವನು ಧರಣಪ್ಪ ಶೆಟ್ಟಿ. ಹೊಂಗಡಲು ಬಂದರಿನಲ್ಲಿ ಕಂಚಿನ ಗಂಟೆ ಎರಕ ಹೊಯ್ಯಿಸುವವನು ಅವನೊಬ್ಬನೇ. ಆ ರಾಜ್ಯದಲ್ಲಿ ವರ್ಷ ತುಂಬುವ ತನಕ ಧಣಿ ಆಳನ್ನು ಬಿಡಿಸುವಂತಿರಲಿಲ್ಲ, ಆಳು ಧಣಿಯನ್ನು ಬಿಡುವಂತಿರಲಿಲ್ಲ.

ರಾಜ ವೀರಮಲ್ಲ ಸಿಂಹಾಸನದಿಂದ ಅರ್ಧ ಎದ್ದ. ಅರಮನೆಯ ದೊಡ್ಡ ಗಂಟೆ ಇನ್ನೂ ಆಗಬೇಕಿತ್ತು. ಪಕ್ಕದಲ್ಲಿದ್ದ ಜಕ್ಕವ್ವೆಯತ್ತ ನೋಡಿದ. ಅವಳು ಅರಮನೆಯ ಎಲೆಯಡಿಕೆ ನೋಡಿಕೊಳ್ಳುವ ಮುದುಕಿ; ರಾಜನಿಗೆ ಮಂತ್ರಿಗಿಂತ ಅವಳ ಮೇಲೇ ನಂಬಿಕೆ ಹೆಚ್ಚು.

"ಕೊಟ್ಟುಬಿಡಿ ಬುದ್ಧೀ," ಎಂದಳು ಜಕ್ಕವ್ವೆ. "ಯಾರು ಯಾರನ್ನಾದರೂ ಯಾವ ಗಳಿಗೆಯಲ್ಲಾದರೂ ಬಿಡಬಹುದು ಅಂತ ಡಂಗುರ ಸಾರಿಸಿ. ಆಗಬಹುದೇ ಶೆಟ್ಟರೇ?"

"ಧಾರಾಳವಾಗಿ," ಎಂದ ಶೆಟ್ಟಿ. ಅವನ ಕಿವಿಗೆ ಬಿದ್ದದ್ದು 'ಬಿಡಬಹುದು' ಎಂಬುದಷ್ಟೇ.

ಅಂದೇ ಡಂಗುರ ಸಾರಿತು. ಮರುದಿನವೇ ಶೆಟ್ಟಿ ಅರ್ಧ ಆಳುಗಳನ್ನು ಮನೆಗೆ ಕಳಿಸಿದ. ಉಳಿದವರ ಕೂಲಿ ಇಳಿಸಿದ. ಊಟಕ್ಕೆ ಕೂತಾಗ ಹಾಡು ಗುನುಗಿದ. ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ಅರಮನೆಯ ಗಂಟೆಯ ಎರಕದ ದಿನ ಬಂತು. ರಾಜ ಪರಿವಾರದೊಂದಿಗೆ ಬಂದು ಕೂತ. ಮೂಸೆಯಲ್ಲಿ ಕಂಚು ಕರಗಿ ಕುದಿಯುತ್ತಿತ್ತು. ಇನ್ನೇನು ಹೊಯ್ಯಬೇಕು, ಮೇಸ್ತ್ರಿ ಮುದ್ದೋಜ ಇಕ್ಕಳ ಕೆಳಗಿಟ್ಟು ಕೈ ಒರೆಸಿಕೊಂಡ.

"ನಾವು ಬಿಟ್ಟೆವು, ಧಣಿ."

"ಏನನ್ನು?"

"ನಿಮ್ಮನ್ನು. ನೀವು ಹೊಗಳಿದ ಕಡಲಾಚೆಯವರಿಗೆ ಎರಕದವರು ಬೇಕಂತೆ. ಹಡಗು ಬಂದಿದೆ. ನೀವು ಮನೆಗೆ ಕಳಿಸಿದವರು ಆಗಲೇ ಹತ್ತಿ ಕೂತಿದ್ದಾರೆ."

ಶೆಟ್ಟಿ ಅವನ ದಾರಿಗೆ ಅಡ್ಡ ನಿಂತ. "ಕಂಚು ಆರಿಹೋಗುತ್ತದಲ್ಲೋ. ಪ್ರಭು, ಇವರನ್ನು ತಡೆಯಿರಿ."

"ತಡೆಯುವುದು ಹೇಗೆ?" ಎಂದಳು ಜಕ್ಕವ್ವೆ, ಅಡಿಕೆ ಕತ್ತರಿಸುತ್ತಲೇ. "ಯಾವ ಗಳಿಗೆಯಲ್ಲಾದರೂ ಅಂತ ನೀವೇ ಒಪ್ಪಿದಿರಿ."

ಶೆಟ್ಟಿ ಮೂಸೆ ನೋಡಿದ, ರಾಜನ ಮುಖ ನೋಡಿದ. "ಎಲ್ಲರನ್ನೂ ವಾಪಸು ಕರೆಯುತ್ತೇನೆ. ಹಳೇ ಕೂಲಿ, ವರ್ಷದ ಕರಾರು, ಎಲ್ಲ ಮೊದಲಿನಂತೆಯೇ. ಹೊಯ್ಯಪ್ಪಾ ಮುದ್ದೋಜ."

ಮುದ್ದೋಜ ರಾಜನತ್ತ ತಿರುಗಿದ. ರಾಜ ಆಗಲೆಂದು ತಲೆಯಾಡಿಸಿದ. ಕಂಚು ಅಚ್ಚಿಗಿಳಿಯಿತು.

ಶೆಟ್ಟಿ ಅಲ್ಲೇ ಕೂತುಬಿಟ್ಟ. "ಹೋಗುತ್ತೇನೆ ಅಂದವನು ನಾನು. ಇವರು ಹೊರಟು ನಿಂತರಲ್ಲ ಜಕ್ಕವ್ವಾ."

"ಅದರಲ್ಲೇನು ಸೋಜಿಗ ಶೆಟ್ಟರೇ? ನಿಮ್ಮ ಕಾರ್ಖಾನೆ ಹಡಗು ಹತ್ತಬೇಕಾದರೆ ಹೊರುವುದಕ್ಕೆ ಆಳುಗಳು ಬೇಕು. ಆಳುಗಳು ಹತ್ತುವುದಕ್ಕೆ ಅವರ ಕಾಲೇ ಸಾಕು."

ರಾಜ ನಕ್ಕ ಭರಕ್ಕೆ ಬಾಯಲ್ಲಿದ್ದ ಎಲೆಯಡಿಕೆಯೆಲ್ಲ ಮುಂದೆ ಕೂತಿದ್ದ ಮಂತ್ರಿಯ ಬಿಳಿ ಪೇಟದ ಮೇಲೆ. ಕೊರಳ ಸರ ತೆಗೆದು ಜಕ್ಕವ್ವೆಗೆ ಕೊಟ್ಟ. ಮಂತ್ರಿಗೆ ಹೊಸ ಪೇಟ ಸಿಕ್ಕಿತು.