ಚಹಾ ಗಿಡದ ಚಿಗುರಿಗೆ ಒಗರು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ, ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಆಗ ಒಂದು ಬೆಟ್ಟದ ಇಳಿಜಾರಿನಲ್ಲಿ ಒಂದು ಚಹಾ ಗಿಡವಿತ್ತು. ಅದರ ಎಲೆ ಸಿಹಿಯಾಗಿತ್ತು. ಹೌದು, ಸಿಹಿ. ನಂಬದಿದ್ದರೆ ಬಿಡಿ, ಕಥೆ ಮಾತ್ರ ಕೇಳಿ.

ತನ್ನ ಸಿಹಿಯ ಬಗ್ಗೆ ಚಹಾ ಗಿಡಕ್ಕೆ ಬಲು ಹೆಮ್ಮೆ. ಬಂದವರನ್ನು ಬರಿಗೈಲಿ ಕಳಿಸಿ ಅದಕ್ಕೆ ಗೊತ್ತೇ ಇರಲಿಲ್ಲ. ಜಿಂಕೆ ಬಂದರೆ, "ಬಾರವ್ವ, ಒಂದೆಲೆ ತಿಂದು ಹೋಗು" ಎನ್ನುತ್ತಿತ್ತು. ಮಂಜು ಬಂದರೆ, "ಕೂತ್ಕೊ, ಆಯಾಸ ಆಗಿರ್ತದೆ" ಎನ್ನುತ್ತಿತ್ತು. ಜಿಂಕೆ ತಿಂದು ಹೊಗಳಿ ಹೋಗುತ್ತಿತ್ತು. ಮಂಜು ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿತ್ತು.

ಒಂದು ಬೆಳಗ್ಗೆ ಮಂಜಿನ ಬೆನ್ನೇರಿ ಕಾಣದ ಮಂದಿ ಬಂದರು. ಅವರು ಎಷ್ಟು ಚಿಕ್ಕವರೆಂದರೆ, ಒಂದು ಸಾಸಿವೆ ಕಾಳಿನ ಮೇಲೆ ಅವರದೊಂದು ಊರೇ ಕೂರಬಹುದಿತ್ತು.

"ಅಕ್ಕಾ, ಒಂಚೂರು ಜಾಗ ಕೊಡ್ತೀಯಾ?" ಎಂದರು.

"ಅದಕ್ಕೇನಂತೆ, ಬನ್ನಿ" ಎಂದಿತು ಚಹಾ ಗಿಡ.

ಬಂದವರು ಏಳಲೇ ಇಲ್ಲ. ತಿಂದರು, ಮಲಗಿದರು, ನೆಂಟರನ್ನೆಲ್ಲ ಕರೆಸಿಕೊಂಡರು. ಅವರು ಕೂತ ಕಡೆಯೆಲ್ಲ ಎಲೆಯ ಮೇಲೆ ಕಂದು ಚುಕ್ಕೆ ಬಿತ್ತು. ಮೊದಲ ಚಿಗುರು ಕೊಳೆತು ಉದುರಿತು. ಎರಡನೆಯದೂ ಉದುರಿತು. ಉಳಿದದ್ದು ಒಂದೇ ಚಿಗುರು, ತುದಿಯಲ್ಲಿ, ಇನ್ನೂ ಕಣ್ಣು ಬಿಡದ್ದು.

"ಸಾಕು, ಇನ್ನಾದ್ರೂ ಹೊರಡ್ರಪ್ಪ" ಎಂದಿತು ಗಿಡ.

"ಎಲ್ಲಿಗೆ ಹೋಗಾನ ಅಕ್ಕಾ? ಇಷ್ಟು ಸಿಹಿ ಬೇರೆ ಎಲ್ಲಿ ಸಿಕ್ತದೆ?" ಎಂದರು ಕಾಣದ ಮಂದಿ.

ಪಕ್ಕದಲ್ಲಿ ನೆಲ್ಲಿಯಜ್ಜಿ ಇದ್ದಳು, ಒಗರು ಕಾಯಿ ಬಿಡುವ ಮುದಿ ಮರ. ಅವಳ ಮಾತೂ ಅಷ್ಟೇನೂ ನಯವಲ್ಲ.

"ಅಜ್ಜೀ, ನಿನ್ನ ತಂಟೆಗೆ ಇವರು ಯಾಕೆ ಬರಲ್ಲ?" ಎಂದು ಗಿಡ ಕೇಳಿತು.

"ಬಂದಿದ್ರು. ಒಗರು ತಾಗಿದ್ದೇ ಮುದುರಿಕೊಂಡು ಬಿದ್ರು. ಬೇಕಾದ್ರೆ ನಿನಗೂ ಕೊಡ್ತೀನಿ, ಬೇರಿಂದ ಬೇರಿಗೆ. ಆದ್ರೆ ನೋಡವ್ವ, ಒಗರು ಬಂದ್ರೆ ಸಿಹಿ ಹೋಯ್ತದೆ. ಆಮೇಲೆ ನಿನ್ನನ್ನ ಹೊಗಳೋರು ಇರಲ್ಲ."

ಚಹಾ ಗಿಡಕ್ಕೆ ದುಃಖವಾಯಿತು. ಸಿಹಿ ಬಿಟ್ಟರೆ ತನ್ನದೆನ್ನಲು ಅದಕ್ಕೆ ಬೇರೇನಿತ್ತು? ಅಷ್ಟರಲ್ಲಿ ತುದಿಯ ಚಿಗುರು, "ಅವ್ವಾ, ನನ್ನ ಕಾಲ ಹತ್ರ ಯಾರೋ ಬಂದವ್ರೆ" ಎಂದಿತು.

"ಕೊಡಜ್ಜಿ" ಎಂದಿತು ಗಿಡ.

ಒಗರು ಬೇರಿನಿಂದ ಮೇಲೇರಿತು. ಊಟದ ಪಂಕ್ತಿಯಲ್ಲಿ ಹಿರಿಯರಿಗೆ ಮೊದಲು ಬಡಿಸುವ ಹಾಗೆ ಗಿಡ ಅದನ್ನು ದೊಡ್ಡೆಲೆಗಳಿಗೆ ಮೊದಲು ಹಂಚಿತು. ಅಲ್ಲೇ ತಪ್ಪಿತು. ತುದಿ ಮುಟ್ಟುವಷ್ಟರಲ್ಲಿ ಒಗರು ಮುಗಿದಿತ್ತು. ಕಾಣದ ಮಂದಿ ಚಿಗುರಿನ ಬುಡಕ್ಕೆ ಬಾಯಿ ಹಾಕಿಬಿಟ್ಟಿದ್ದರು.

ಆಗ ಎಲ್ಲಕ್ಕಿಂತ ಕೆಳಗಿದ್ದ ಮುದಿಯೆಲೆ ಹೇಳಿತು, "ನನ್ನದು ದಪ್ಪ ಚರ್ಮ, ಹೆಂಗೋ ತಡ್ಕೋತೀನಿ. ನನ್ನ ಪಾಲು ಮಗೀಗೆ ಕೊಡವ್ವ."

"ನಂದೂ ಕೊಡು" ಎಂದಿತು ಅದರ ಮೇಲಿನ ಎಲೆ. "ನಂದೂ" ಎಂದಿತು ಅದಕ್ಕೂ ಮೇಲಿನದು. ಎಲ್ಲವೂ ತಮಗೆ ಒಂದಿಷ್ಟೇ ಇಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಮೇಲಕ್ಕೆ ದಾಟಿಸಿದವು.

ಚಿಗುರು ಒಗರಾಯಿತು. ಕಾಣದ ಮಂದಿ ಒಬ್ಬೊಬ್ಬರಾಗಿ ಮುದುರಿ ಕೆಳಗೆ ಬಿದ್ದರು. ಗಾಳಿ ಬಂದು ಅವರನ್ನು ಗುಡಿಸಿಕೊಂಡು ಹೋಯಿತು.

ಮಾರನೆಯ ದಿನ ಜಿಂಕೆ ಬಂದು ಒಂದೆಲೆ ಕಚ್ಚಿತು, ಮುಖ ಕಿವುಚಿತು, ಹೊಗಳದೆಯೇ ಹೊರಟಿತು. ಚಹಾ ಗಿಡಕ್ಕೆ ಒಂದು ಗಳಿಗೆ ಬೇಸರವೇ ಆಯಿತು. ಆದರೆ ಅದೇ ಹೊತ್ತಿಗೆ ತುದಿಯ ಚಿಗುರು ಮೆಲ್ಲಗೆ ಕಣ್ಣು ಬಿಟ್ಟು, "ಅವ್ವಾ" ಎಂದಿತು.

ಅದಕ್ಕೇ ಇಂದಿಗೂ ಚಹಾ ಗಿಡದ ದೊಡ್ಡೆಲೆಯಲ್ಲಿ ಒಗರು ಕಡಿಮೆ, ತುದಿಯ ಎಳೆ ಚಿಗುರಿನಲ್ಲಿ ಹೆಚ್ಚು. ಹಸಿರು ಚಹಾ ಕುಡಿದು ನೀವು ಮುಖ ಕಿವುಚುತ್ತೀರಲ್ಲ, ಆಗ ನಿಮ್ಮ ನಾಲಿಗೆಗೆ ತಾಗುವುದು ಹಿರಿಯೆಲೆಗಳು ಅವತ್ತು ಮಗುವಿಗೆಂದು ಎತ್ತಿಕೊಟ್ಟ ಪಾಲು.